ಗಣಿ ಬರಿದಾದ ಮೇಲೆ ಕಡಲೂ ಏರಿದರೆ: ನೌರು ದ್ವೀಪದ ಜನ ಹೇಗೆ ನಿಭಾಯಿಸುತ್ತಿದ್ದಾರೆ?

ಪ್ರಶ್ನೆ: ಭೂಗೋಳ ಉಪನ್ಯಾಸಕಿ, ಶಿರಸಿ

ಖನಿಜ ಸಂಪನ್ಮೂಲಗಳ ಪಾಠಕ್ಕೆ ಬಂದಾಗಲೆಲ್ಲ ನಮ್ಮಂಥ ಅಧ್ಯಾಪಕರು ನೌರು ದ್ವೀಪವನ್ನು ಒಂದು ನೀತಿಕಥೆಯಂತೆ ಹೇಳಿ ಮುಗಿಸಿಬಿಡುತ್ತೇವೆ. ಪೆಸಿಫಿಕ್ ಸಾಗರದ ನಡುವೆ, ಭೂಮಧ್ಯರೇಖೆಯ ತುಸು ದಕ್ಷಿಣಕ್ಕೆ, 21 ಚದರ ಕಿಲೋಮೀಟರ್ ವಿಸ್ತೀರ್ಣದ ಪುಟ್ಟ ದೇಶ. ಅಲ್ಲಿ ಗೊಬ್ಬರಕ್ಕೆ ಬೇಕಾದ ಫಾಸ್ಫೇಟ್ ಖನಿಜ ಸಿಕ್ಕಿತು, ಜನ ಸಿರಿವಂತರಾದರು, ದುಂದು ಮಾಡಿದರು, ಗಣಿ ಬರಿದಾಯಿತು, ದಿವಾಳಿಯಾದರು. ಪಾಠ ಅಲ್ಲಿಗೆ ನಿಲ್ಲುತ್ತದೆ. ಆದರೆ ಸುಮಾರು 12 ಸಾವಿರ ಜನ ಈಗಲೂ ಅಲ್ಲಿಯೇ ಬದುಕುತ್ತಿದ್ದಾರೆ. ಅವರು ಜೀವನಕ್ಕೆ ಏನು ಮಾಡಿಕೊಂಡಿದ್ದಾರೆ ಎಂಬುದು ಆ ಪಾಠದಲ್ಲಿ ಬರುವುದೇ ಇಲ್ಲ.

ನನ್ನನ್ನು ಇನ್ನೂ ಹೆಚ್ಚು ಕಾಡುತ್ತಿರುವ ಸಂಗತಿ ಬೇರೆಯಿದೆ. ಹವಾಮಾನ ಬದಲಾವಣೆಯ ಚರ್ಚೆಯಲ್ಲಿ ನೌರುವನ್ನು ತುವಾಲು, ಕಿರಿಬಾಟಿಗಳ ಸಾಲಿಗೇ ಸೇರಿಸುತ್ತಾರೆ. ತುವಾಲುವಿನ ನೆಲವೆಂದರೆ ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದ ಹವಳದ ಪಟ್ಟಿಗಳು; ಅಲ್ಲಿಯ ಅಪಾಯ ಯಾರಿಗಾದರೂ ಥಟ್ಟನೆ ಅರ್ಥವಾಗುತ್ತದೆ. ನೌರು ಹಾಗಿಲ್ಲ. ಅದು ಕಡಲಿನಿಂದ ಮೇಲೆದ್ದು ನಿಂತ ಹವಳದ ದಿಬ್ಬ; ಅದರ ಒಳನಾಡು ಕೆಲವೆಡೆ 60 ಮೀಟರಿಗೂ ಹೆಚ್ಚು ಎತ್ತರಕ್ಕಿದೆ. ಹಾಗಿದ್ದರೂ ಜನರೆಲ್ಲ ತೀರದ ಕಿರಿದಾದ ಪಟ್ಟಿಯಲ್ಲಿಯೇ ಏಕೆ ಒತ್ತೊತ್ತಾಗಿ ನೆಲೆಸಿದ್ದಾರೆ? ಬೆನ್ನ ಹಿಂದೆಯೇ ಎತ್ತರದ ನೆಲವಿರುವಾಗ ಕಡಲೇರಿಕೆಯ ಭಯವೇಕೆ? ಗಣಿಯಿಂದ ಬಂದ ಹಣ ನಿಜಕ್ಕೂ ದುಂದಿನಲ್ಲಿ ಹೋಯಿತೇ, ಬೇರೆ ಕಾರಣಗಳೂ ಇವೆಯೇ? ಇಂಥದೇ ಹೊಡೆತ ತಿಂದ ಬೇರೆ ದ್ವೀಪಗಳ ಜನರು ಹೆಚ್ಚು ಚೆನ್ನಾಗಿ ನಿಭಾಯಿಸಿದ್ದುಂಟೇ? ವಿಷಯ ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ.

ಉತ್ತರ 1: ಮೆಲ್ಬೋರ್ನ್ ಕನ್ನಡಿಗ

ಮೇಡಂ, ಹಣದ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ನಾನಿರುವ ಊರಿನಲ್ಲಿ ಆ ಹಣದ ಒಂದು ಗುರುತು 52 ಅಂತಸ್ತಿನಷ್ಟು ಎತ್ತರಕ್ಕೆ ನಿಂತಿದೆ. ಕಾಲಿನ್ಸ್ ಸ್ಟ್ರೀಟಿನ 80ನೇ ಸಂಖ್ಯೆಯ ಕಟ್ಟಡವನ್ನು 1977ರಲ್ಲಿ ಕಟ್ಟಿಸಿದ್ದು ನೌರು ದೇಶ. ಬಹಳ ಕಾಲ ಅದನ್ನು ನೌರು ಹೌಸ್ ಎಂದೇ ಕರೆಯುತ್ತಿದ್ದರು. ಫಾಸ್ಫೇಟ್ ಎಂದರೆ ಹಕ್ಕಿಹಿಕ್ಕೆ ತಾನೇ ಎಂದು ಇಲ್ಲಿಯವರು ಆ ಗೋಪುರಕ್ಕೆ ಇಟ್ಟ ಅಡ್ಡಹೆಸರನ್ನು ನೀವೇ ಊಹಿಸಿಕೊಳ್ಳಬಹುದು. ಸಾಲ ತೀರಿಸಲಾಗದೆ 2004ರಲ್ಲಿ ಅದು ಕೈಬಿಟ್ಟುಹೋಯಿತು.

ಆದರೆ ಲೆಕ್ಕವನ್ನು ಗೋಪುರದಿಂದ ಶುರುಮಾಡಿದರೆ ಅರ್ಧ ಕಥೆಯೇ ತಪ್ಪಿಹೋಗುತ್ತದೆ. 1900ರಲ್ಲಿ ಸಿಡ್ನಿಯ ಕಂಪನಿಯೊಂದರ ಕಚೇರಿಯಲ್ಲಿ ಬಾಗಿಲಿಗೆ ಆನಿಸಿ ಇಟ್ಟಿದ್ದ ಒಂದು ಕಲ್ಲನ್ನು ಆಲ್ಬರ್ಟ್ ಎಲ್ಲಿಸ್ ಎಂಬ ನೌಕರ ಪರೀಕ್ಷಿಸಿ, ಅದು ಉತ್ತಮ ದರ್ಜೆಯ ಫಾಸ್ಫೇಟ್ ಎಂದು ಕಂಡುಕೊಂಡ. ಆಗ ನೌರು ಜರ್ಮನಿಯ ಅಧೀನದಲ್ಲಿತ್ತು. ಕೆಲವೇ ವರ್ಷಗಳಲ್ಲಿ ಗಣಿಗಾರಿಕೆ ಆರಂಭವಾಯಿತು. ಮೊದಲ ಮಹಾಯುದ್ಧದ ನಂತರ ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮೂರೂ ಸೇರಿ ಬ್ರಿಟಿಷ್ ಫಾಸ್ಫೇಟ್ ಕಮಿಷನರ್ಸ್ ಎಂಬ ಸಂಸ್ಥೆಯ ಮೂಲಕ ಗಣಿಯನ್ನು ನಡೆಸಿದವು. ಪೇಟೆಯ ದರಕ್ಕಿಂತ ಅಗ್ಗವಾಗಿ ತಮ್ಮ ರೈತರಿಗೆ ಗೊಬ್ಬರ ಒದಗಿಸಿಕೊಂಡವು. ಗಣಿಯ ನಿಜವಾದ ಲಾಭ ಹೀಗೆ ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳ ಹುಲ್ಲುಗಾವಲು ಮತ್ತು ಗೋಧಿಹೊಲಗಳಲ್ಲಿ ಕರಗಿಹೋಯಿತೇ ಹೊರತು ನೌರುವಿನವರಿಗೆ ಸಿಕ್ಕಿದ್ದು ಅಲ್ಪ ರಾಜಧನ ಮಾತ್ರ. ದ್ವೀಪವು 1968ರ ಜನವರಿ 31ರಂದು ಸ್ವತಂತ್ರವಾಗುವ ಹೊತ್ತಿಗೆ ಗಣಿನೆಲದ ಸುಮಾರು ಮೂರನೇ ಒಂದು ಭಾಗ ಆಗಲೇ ಬರಿದಾಗಿತ್ತು. ಆ ದಿನಾಂಕವನ್ನು ಆರಿಸಿದ್ದಕ್ಕೂ ಕಾರಣವಿದೆ. ಎರಡನೇ ಮಹಾಯುದ್ಧದಲ್ಲಿ ಜಪಾನೀಯರು ಸುಮಾರು 1,200 ನೌರುವಿನವರನ್ನು ಪೆಸಿಫಿಕ್ಕಿನ ಟ್ರಕ್ (ಈಗಿನ ಚುಕ್) ಎಂಬ ದ್ವೀಪಗಳಿಗೆ ಸಾಗಿಸಿದ್ದರು. ಅವರಲ್ಲಿ ಬದುಕುಳಿದ 737 ಮಂದಿ ತವರಿಗೆ ಮರಳಿದ್ದು 1946ರ ಅದೇ ದಿನ. ಈ ದ್ವೀಪದ ಜನ ಊರು ಬಿಡುವ ಮಾತು ಬಂದಾಗಲೆಲ್ಲ ಅಷ್ಟೊಂದು ಬಿಗಿಯಾಗುವುದೇಕೆ ಎಂಬುದಕ್ಕೆ ಇದೂ ಒಂದು ಉತ್ತರ.

ಗಣಿಯನ್ನು ಸ್ವಂತಕ್ಕೆ ಪಡೆಯಲು ಅವರು 2.1 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡಬೇಕಾಯಿತು. ಅಂದರೆ, ತಮ್ಮದೇ ನೆಲವನ್ನು ಅಗೆದ ಯಂತ್ರಗಳನ್ನು ಬೆಲೆ ಕೊಟ್ಟು ಕೊಂಡರು. ಆಮೇಲೆ ನಿಜಕ್ಕೂ ಸಿರಿ ಬಂತು. ರಾಜಧನದ ಟ್ರಸ್ಟಿನ ಮೊತ್ತ ಒಂದು ಕಾಲಕ್ಕೆ ನೂರು ಕೋಟಿ ಡಾಲರ್ ದಾಟಿತ್ತು. ಅದನ್ನು ಹೊರದೇಶಗಳ ಹೋಟೆಲು, ಕಟ್ಟಡಗಳಲ್ಲಿ ಹೂಡಿದರು. ಕೆಟ್ಟ ಸಲಹೆಗಾರರನ್ನು ನಂಬಿದರು. 1993ರಲ್ಲಿ ಲಂಡನ್ನಿನ ಸಂಗೀತನಾಟಕವೊಂದಕ್ಕೂ ಹಣ ಸುರಿದು ಕಳೆದುಕೊಂಡರು. ಅಷ್ಟು ಚಿಕ್ಕ ದೇಶ ತನ್ನದೇ ವಿಮಾನಯಾನ ಸಂಸ್ಥೆಯನ್ನು ನಷ್ಟದಲ್ಲಿ ನಡೆಸಿತು. ಅದರ ಕೊನೆಯ ವಿಮಾನವನ್ನು 2005ರ ಡಿಸೆಂಬರಿನಲ್ಲಿ ಸಾಲ ಕೊಟ್ಟವರು ಹಿಡಿದುಕೊಂಡು ಹೋದರು. ದುಂದು ಇರಲಿಲ್ಲವೆಂದು ನಾನು ಹೇಳಲಾರೆ. ಆದರೆ ಕೆಲವೇ ಸಾವಿರ ಜನಸಂಖ್ಯೆಯ, ನಾಡನ್ನಾಳುವ ಅನುಭವಕ್ಕೇ ಅವಕಾಶ ಕೊಡದೆ ಇಟ್ಟಿದ್ದ ಸಮಾಜವೊಂದು ಅಂಥ ಮೊತ್ತವನ್ನು ಇದ್ದಕ್ಕಿದ್ದಂತೆ ನೋಡಿಕೊಳ್ಳಬೇಕಾಗಿ ಬಂದಾಗ, ಕಮಿಷನ್ ಹೊಡೆಯುವವರ ದಂಡೇ ಸುತ್ತ ನೆರೆದಿತ್ತು ಎಂಬುದನ್ನು ಪಾಠದಲ್ಲಿ ಸೇರಿಸಿದರೆ ಚಿತ್ರ ಪೂರ್ಣವಾದೀತು.

ಇನ್ನೊಂದು ಅಧ್ಯಾಯವನ್ನು ಬಹಳ ಜನ ಮರೆಯುತ್ತಾರೆ. ಹಾಳಾದ ನೆಲದ ಪುನಶ್ಚೇತನದ ಹೊಣೆ ಯಾರದು ಎಂದು ಪರಿಶೀಲಿಸಲು ನೌರು ಸರ್ಕಾರವು 1986ರಲ್ಲಿ ಶ್ರೀಲಂಕಾದ ನ್ಯಾಯವಿದ ಕ್ರಿಸ್ಟೋಫರ್ ವೀರಮಂತ್ರಿಯವರ ಅಧ್ಯಕ್ಷತೆಯಲ್ಲಿ ಆಯೋಗ ರಚಿಸಿತು. ಸ್ವಾತಂತ್ರ್ಯಕ್ಕೆ ಮುಂಚೆ ಅಗೆದ ನೆಲಕ್ಕೆ ಆಳಿದವರೇ ಹೊಣೆ ಎಂಬ ವಾದವನ್ನು ಹಿಡಿದು 1989ರಲ್ಲಿ ಆಸ್ಟ್ರೇಲಿಯದ ಮೇಲೆ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದಾವೆ ಹೂಡಿತು. ಪ್ರಕರಣವನ್ನು ವಿಚಾರಣೆಗೇ ತೆಗೆದುಕೊಳ್ಳಬಾರದೆಂಬ ಆಸ್ಟ್ರೇಲಿಯದ ಮುಖ್ಯ ಆಕ್ಷೇಪಣೆಗಳನ್ನು ನ್ಯಾಯಾಲಯವು 1992ರಲ್ಲಿ ತಳ್ಳಿಹಾಕಿತು. ಮರುವರ್ಷ ಆಸ್ಟ್ರೇಲಿಯ ರಾಜಿಗೆ ಬಂದು 10.7 ಕೋಟಿ ಡಾಲರ್ ಕೊಡಲು ಒಪ್ಪಿತು. ಅದರಲ್ಲಿ ಒಂದು ಭಾಗ 20 ವರ್ಷಗಳ ವಾರ್ಷಿಕ ಕಂತುಗಳಲ್ಲಿ ಬಂತು.

ಉತ್ತರ 2: ನಿವೃತ್ತ ಭೂವಿಜ್ಞಾನಿ, ಬಳ್ಳಾರಿ

ಎತ್ತರದ ನೆಲವಿದ್ದೂ ಜನ ಅಲ್ಲಿಗೇಕೆ ಹೋಗುವುದಿಲ್ಲ ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ನಮ್ಮ ಸಂಡೂರಿನ ಅದಿರುಗಣಿಯನ್ನು ಕಂಡವರು ನೌರುವನ್ನೂ ಅದೇ ಕಣ್ಣಿನಿಂದ ಊಹಿಸಿಕೊಂಡರೆ ಅರ್ಥವಾಗದು. ಸಂಡೂರಿನಲ್ಲಿ ಗುಡ್ಡವನ್ನು ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸುತ್ತಾರೆ. ತೆಗೆದುಹಾಕಿದ ಮಣ್ಣು ಒಂದೆಡೆ ರಾಶಿಯಾಗಿ ಬಿದ್ದಿರುತ್ತದೆ. ಮನಸ್ಸು ಮಾಡಿದರೆ ಅದನ್ನು ಹರಡಿ ಗಿಡ ನೆಡಬಹುದು. ನೌರುವಿನಲ್ಲಿ ಫಾಸ್ಫೇಟ್ ಇದ್ದದ್ದು ಹವಳಸುಣ್ಣದ ಕಲ್ಲುಕಂಬಗಳ ನಡುವಿನ ಸಂದುಗಳಲ್ಲಿ. ಸಂದಿನಲ್ಲಿದ್ದುದನ್ನು ಬಾಚಿ ಹಡಗಿಗೆ ತುಂಬಿ ಕಳುಹಿಸಿದರು. ಉಳಿದದ್ದು ಹತ್ತು ಮೀಟರ್‌ವರೆಗೂ ಎತ್ತರವಿರುವ, ಚೂಪು ಚೂಪಾದ ಕಂಬಗಳ ಕಾಡು. ತುಂಬಲು ಮಣ್ಣಿಲ್ಲ, ಏಕೆಂದರೆ ಮಣ್ಣೇ ಮಾರಾಟದ ಸರಕಾಗಿತ್ತು. ದ್ವೀಪದ ಐದರಲ್ಲಿ ನಾಲ್ಕು ಪಾಲು ಈ ಸ್ಥಿತಿಯಲ್ಲಿದೆ. ಅಲ್ಲಿ ನಡೆಯುವುದೇ ಕಷ್ಟ. ಮನೆ ಕಟ್ಟುವ, ತೆಂಗು ಅಥವಾ ಕೇದಗೆ ಬೆಳೆಸುವ ಮಾತು ದೂರವೇ ಉಳಿಯಿತು.

ಹಾಗಾಗಿ ಮೇಡಂ, ನಿಮ್ಮ ಪ್ರಶ್ನೆಯಲ್ಲಿ ಎರಡಾಗಿ ಕಾಣುವ ಸಂಕಟಗಳು ಅಲ್ಲಿ ಒಂದೇ ಆಗಿವೆ. ಕಡಲೇರಿದಾಗ ಹತ್ತಿ ಹೋಗಬೇಕಾದ ನೆಲವನ್ನೇ ಗಣಿ ನುಂಗಿತು. ಗಣಿ ಇಲ್ಲದಿದ್ದರೆ ನೌರುವಿನವರು ತುವಾಲುವಿನವರಿಗಿಂತ ಎಷ್ಟೋ ನೆಮ್ಮದಿಯಾಗಿ ಮುಂದಿನ ನೂರು ವರ್ಷಗಳನ್ನು ಯೋಚಿಸಬಹುದಿತ್ತು. ಈಗ ಮನೆಗಳು, ಆಸ್ಪತ್ರೆ, ವಿಮಾನ ನಿಲ್ದಾಣ, ವಿದ್ಯುತ್ ಸ್ಥಾವರ ಎಲ್ಲವೂ ತೀರದ ಆ ಪಟ್ಟಿಯಲ್ಲಿಯೇ ಇವೆ. ಒಳನಾಡಿನಲ್ಲಿ ಬುವಾಡ ಎಂಬ ಸಣ್ಣ ಸರೋವರದ ಸುತ್ತ ಮಾತ್ರ ಒಂದಿಷ್ಟು ಹಸಿರು ಮತ್ತು ಜನವಸತಿ ಉಳಿದಿದೆ.

ನೀರಿನ ಸ್ಥಿತಿ ಇನ್ನೂ ಸೂಕ್ಷ್ಮ. ಅಲ್ಲಿ ನದಿಗಳಿಲ್ಲ. ಹವಳಸುಣ್ಣದ ಕಲ್ಲಿನೊಳಗೆ ಮಳೆನೀರು ಇಂಗಿ, ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ಕಲ್ಲಿನ ಬಿರುಕುಗಳಲ್ಲಿ ಕಡಲನೀರು ಸುಲಭವಾಗಿ ಒಳಬರುವುದರಿಂದ ಆ ಪದರ ಬಹುಬೇಗ ಸವಳಾಗುತ್ತದೆ. ಪೆಸಿಫಿಕ್ಕಿನ ನಡುಭಾಗದ ನೀರು ಎಂದಿಗಿಂತ ತಣ್ಣಗಾಗುವ ಲಾ ನಿನಾ ವರ್ಷಗಳಲ್ಲಿ ತಿಂಗಳುಗಟ್ಟಲೆ ಮಳೆಯಿರುವುದಿಲ್ಲ. ಫಾಸ್ಫೇಟಿನ ಕಾಲದಲ್ಲಿ ಸರಕಿಗೆಂದು ಬರುತ್ತಿದ್ದ ಹಡಗುಗಳೇ ಕುಡಿಯುವ ನೀರನ್ನೂ ಹೊತ್ತು ತರುತ್ತಿದ್ದವು. ಉದ್ಯಮ ಕುಸಿದಾಗ ಆ ನೀರೂ ನಿಂತಿತು. ಈಗ ಸಮುದ್ರದ ನೀರನ್ನು ಸಿಹಿಗೊಳಿಸುವ ಘಟಕಗಳು ಮತ್ತು ಮನೆಮನೆಯ ಮಳೆತೊಟ್ಟಿಗಳೇ ಗತಿ. ಆ ತೊಟ್ಟಿಗಳಿಗೆ ನೀರಿಳಿಯುವ ಮಾಡುಗಳಲ್ಲಿ ಬಹಳಷ್ಟು ಗಣಿ ಕಾಲದ ಕಲ್ನಾರಿನ ಶೀಟುಗಳದ್ದು ಎಂಬುದನ್ನು ಓದಿದಾಗ ನನ್ನ ವೃತ್ತಿಯ ಬಗ್ಗೆ ನನಗೇ ಬೇಸರವಾಯಿತು.

ಪುನಶ್ಚೇತನದ ಕೆಲಸವೆಂದರೆ ಕಂಬಗಳನ್ನು ಒಡೆದು, ಪುಡಿಮಾಡಿ, ಸಂದುಗಳನ್ನು ತುಂಬಿ ಸಮತಟ್ಟು ಮಾಡುವುದು, ಆಮೇಲೆ ಗೊಬ್ಬರ ಮಾಡಿ ಮಣ್ಣನ್ನು ಮೊದಲಿನಿಂದ ಕಟ್ಟುವುದು. ಬೆಲೆ ವಿಪರೀತ, ವೇಗ ಅತ್ಯಲ್ಪ. ಒಡೆದ ಕಲ್ಲನ್ನು ಜಲ್ಲಿಯಾಗಿ ಬಳಸುವ ಪ್ರಯತ್ನವೂ ನಡೆದಿದೆ. ಈಗಿನ ಸರ್ಕಾರದ ದೊಡ್ಡ ಯೋಜನೆಯ ಹೆಸರು ಹೈಯರ್ ಗ್ರೌಂಡ್ ಇನಿಶಿಯೇಟಿವ್. ಒಳನಾಡಿನ 230ನೇ ಸಂಖ್ಯೆಯ ಜಮೀನಿನಲ್ಲಿ ಮೊದಲ ಬಡಾವಣೆಯನ್ನು ನಿರ್ಮಿಸಿ, ಕ್ರಮೇಣ ಹೆಚ್ಚಿನ ಜನರನ್ನು ತೀರದಿಂದ ಮೇಲಕ್ಕೆ ಸಾಗಿಸುವುದು ಅದರ ಉದ್ದೇಶ. ಎಂಜಿನಿಯರಿಂಗ್ ಮಟ್ಟಿಗೆ ಇದು ಸಾಧ್ಯವೆಂದೇ ನನ್ನ ಅಭಿಪ್ರಾಯ. ಕಷ್ಟವಿರುವುದು ಒಡೆತನದಲ್ಲಿ: ನೌರುವಿನ ಜಮೀನು ಸರ್ಕಾರದ್ದಲ್ಲ, ಕುಟುಂಬಗಳದ್ದು, ಮತ್ತು ತಲೆಮಾರುಗಳ ಹಂಚಿಕೆಯಿಂದ ಒಂದೊಂದು ತುಂಡಿಗೂ ಹತ್ತಾರು ಪಾಲುದಾರರಿದ್ದಾರೆ. ಅವರ ಒಪ್ಪಿಗೆಯಿಲ್ಲದೆ ಒಂದು ಕಂಬವನ್ನೂ ಒಡೆಯುವಂತಿಲ್ಲ. ಕೆಲವರಿಗೆ ಇದು ಅಭಿವೃದ್ಧಿಯ ಅಡ್ಡಿಯಾಗಿ ಕಾಣುತ್ತದೆ. ನೆಲದ ಮೇಲೆ ಅಷ್ಟು ಅನ್ಯಾಯ ನಡೆದ ಜಾಗದಲ್ಲಿ ಒಪ್ಪಿಗೆ ಕೇಳುವ ನಿಯಮವೊಂದು ಉಳಿದಿರುವುದೇ ದೊಡ್ಡದೆಂದು ನಾನು ಭಾವಿಸುತ್ತೇನೆ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಗಣಿ ಮತ್ತು ಕಡಲೇರಿಕೆ ಒಂದೇ ಗಂಟಾಗಿವೆ ಎಂಬ ಮಾತು ನನಗೆ ಬೇಕಾಗಿದ್ದ ಎಳೆ. ಒಂದು ಅನುಮಾನ: ಇಷ್ಟು ಖರ್ಚು ಮಾಡಿ ನೆಲ ಕಟ್ಟುವ ಬದಲು ಇಡೀ ಜನಸಮುದಾಯವೇ ಬೇರೆಡೆಗೆ ಹೋಗುವ ಆಲೋಚನೆ ಎಂದೂ ಬರಲಿಲ್ಲವೇ?

ಉತ್ತರ 3: ಮೆಲ್ಬೋರ್ನ್ ಕನ್ನಡಿಗ

ಬಂದಿತ್ತು, ಅದೂ ಆಸ್ಟ್ರೇಲಿಯದ ಕಡೆಯಿಂದ. 1960ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡ್ ತೀರದ ಕರ್ಟಿಸ್ ದ್ವೀಪಕ್ಕೆ ಎಲ್ಲರನ್ನೂ ಸ್ಥಳಾಂತರಿಸುವ ಪ್ರಸ್ತಾಪವಿಟ್ಟರು. ಅಲ್ಲಿ ತಾವು ಪ್ರತ್ಯೇಕ ಜನಾಂಗವಾಗಿ ಸ್ವಂತ ಆಡಳಿತ ನಡೆಸುವುದು ಸಾಧ್ಯವಿಲ್ಲವೆಂದು ತಿಳಿದಾಗ, ಮುಂದೆ ಮೊದಲ ಅಧ್ಯಕ್ಷರಾದ ಹ್ಯಾಮರ್ ಡಿರೋಬರ್ಟ್ ಮತ್ತು ಅವರ ಜೊತೆಯವರು 1964ರಲ್ಲಿ ಅದನ್ನು ತಿರಸ್ಕರಿಸಿದರು. ಹೋದವರ ಗತಿಯೂ ಅವರ ಕಣ್ಣ ಮುಂದಿತ್ತು. ಪೂರ್ವಕ್ಕೆ ಸುಮಾರು 300 ಕಿಲೋಮೀಟರ್ ದೂರದ ಬನಾಬ ಎಂಬ ಫಾಸ್ಫೇಟ್ ದ್ವೀಪದವರನ್ನು 1945ರ ಡಿಸೆಂಬರಿನಲ್ಲಿ ಫಿಜಿಯ ರಂಬಿ ದ್ವೀಪಕ್ಕೆ ಸಾಗಿಸಲಾಯಿತು. ಆ ದ್ವೀಪವನ್ನು ಕೊಂಡದ್ದು ಬನಾಬದವರದೇ ರಾಜಧನದ ಹಣದಿಂದ. ಗಣಿಗಾರಿಕೆ ಮಾತ್ರ ಅವರಿಲ್ಲದ ಊರಿನಲ್ಲಿ 1979ರವರೆಗೂ ನಡೆಯಿತು. ಬ್ರಿಟಿಷ್ ನ್ಯಾಯಾಲಯದಲ್ಲಿ ಅವರು ನಡೆಸಿದ ದೀರ್ಘ ಮೊಕದ್ದಮೆ ಬಹುಮಟ್ಟಿಗೆ ಕೈಕೊಟ್ಟಿತು. ನೌರುವಿನವರು ದಾವೆ ಹೂಡಿದಾಗ ಒಂದು ಸ್ವತಂತ್ರ ದೇಶವಾಗಿ ಹೂಡಿದರು. ಬನಾಬದವರಿಗೆ ಆ ಸ್ಥಾನವಿರಲಿಲ್ಲ. ಹಾಳಾದ ನೆಲವನ್ನೇ ಹಿಡಿದುಕೊಂಡು ಕುಳಿತದ್ದರ ಬೆಲೆ ಅಲ್ಲಿ ಗೊತ್ತಾಗುತ್ತದೆ.

ಉತ್ತರ 4: ಸೇಂಟ್ ಜಾನ್ಸ್ ನಿವಾಸಿ, ಕೆನಡಾ

ಬೇರೆ ದ್ವೀಪದ ಉದಾಹರಣೆ ಕೇಳಿದ್ದೀರಿ. ನಾನಿರುವ ನ್ಯೂಫೌಂಡ್‌ಲ್ಯಾಂಡ್ ಪ್ರಾಂತ್ಯದ ಈಶಾನ್ಯಕ್ಕೆ ಫೋಗೊ ಎಂಬ ದ್ವೀಪವಿದೆ. ಜನ ಎರಡು ಸಾವಿರದ ಆಸುಪಾಸು. ಶತಮಾನಗಳ ಕಾಲ ಕಾಡ್ ಮೀನೇ ಅದರ ಬದುಕು. ದೊಡ್ಡ ಟ್ರಾಲರುಗಳು ಮೀನನ್ನು ಬಗೆದು ತೆಗೆದ ಮೇಲೆ 1992ರ ಜುಲೈ 2ರಂದು ಕೇಂದ್ರ ಸರ್ಕಾರ ಇಲ್ಲಿಯ ಮುಖ್ಯ ಕಾಡ್ ಮೀನುಗಾರಿಕೆಯನ್ನೇ ನಿಷೇಧಿಸಿತು. ಪ್ರಾಂತ್ಯದಲ್ಲಿ ಸುಮಾರು 30 ಸಾವಿರ ಜನ ಒಂದೇ ದಿನದಲ್ಲಿ ಕೆಲಸ ಕಳೆದುಕೊಂಡರು. ಸುತ್ತಲಿನ ಎಷ್ಟೋ ಹಳ್ಳಿಗಳು ಕ್ರಮೇಣ ಖಾಲಿಯಾದವು.

ಫೋಗೊ ಅಷ್ಟು ಖಾಲಿಯಾಗದಿರಲು ಕಾರಣ 1992ಕ್ಕಿಂತ 25 ವರ್ಷ ಹಿಂದೆ ಇದೆ. ಚಿಕ್ಕ ಊರುಗಳನ್ನು ಮುಚ್ಚಿ ಜನರನ್ನು ದೊಡ್ಡ ಕೇಂದ್ರಗಳಿಗೆ ಸಾಗಿಸುವ ಸರ್ಕಾರಿ ಕಾರ್ಯಕ್ರಮ ಜೋರಾಗಿದ್ದ 1967ರಲ್ಲಿ, ಕೆನಡಾದ ರಾಷ್ಟ್ರೀಯ ಚಲನಚಿತ್ರ ಮಂಡಳಿಯೂ ಇಲ್ಲಿಯ ಮೆಮೋರಿಯಲ್ ವಿಶ್ವವಿದ್ಯಾಲಯವೂ ಸೇರಿ ದ್ವೀಪದ ಹಳ್ಳಿಗಳ ಜನರ ಮಾತುಗಳನ್ನು ಚಿತ್ರೀಕರಿಸಿ ಅವರಿಗೇ ತೋರಿಸಿದವು. ಮತಭೇದ ಮತ್ತು ಊರುಭೇದಗಳಿಂದ ಒಬ್ಬರಿಗೊಬ್ಬರು ಮಾತಾಡದಿದ್ದವರಿಗೆ, ಎಲ್ಲರ ಚಿಂತೆಯೂ ಒಂದೇ ಎಂಬುದು ಪರದೆಯ ಮೇಲೆ ಕಾಣಿಸಿತು. ಅವರು ಸಹಕಾರ ಸಂಘ ಕಟ್ಟಿ, ದೋಣಿ ನಿರ್ಮಿಸಿ, ಸಂಸ್ಕರಣಾ ಘಟಕಗಳನ್ನು ತಾವೇ ನಡೆಸಿದರು. ನಿಷೇಧ ಬಂದಾಗ ಆ ಸಂಘವೇ ಏಡಿ ಮತ್ತು ಸೀಗಡಿಗಳತ್ತ ಹೊರಳಿಕೊಂಡಿತು. ಆಮೇಲೆ ಇದೇ ದ್ವೀಪದಲ್ಲಿ ಹುಟ್ಟಿ ಹೊರಗೆ ಹಣ ಗಳಿಸಿದ ಜೀಟಾ ಕಾಬ್ ಎಂಬವರು ಶೋರ್‌ಫಾಸ್ಟ್ ಎಂಬ ದತ್ತಿಸಂಸ್ಥೆ ಕಟ್ಟಿ, 2013ರಲ್ಲಿ 29 ಕೋಣೆಗಳ ಹೋಟೆಲೊಂದನ್ನು ತೆರೆದರು. ಅದರ ಲಾಭ ಸಂಸ್ಥೆಯ ಮೂಲಕ ದ್ವೀಪಕ್ಕೇ ಮರಳುತ್ತದೆ. ಪತ್ರಿಕೆಗಳು ಈ ಹೋಟೆಲಿನ ಬಗ್ಗೆ ಬರೆದಷ್ಟನ್ನು ಸಹಕಾರ ಸಂಘದ ಬಗ್ಗೆ ಬರೆಯುವುದಿಲ್ಲ ಎಂಬುದು ನನ್ನ ತಕರಾರು.

ಆದರೂ ಫೋಗೊವನ್ನು ನೌರುವಿಗೆ ಮಾದರಿಯೆಂದು ತೋರಿಸುವುದು ಸರಿಯಲ್ಲ. ಇಲ್ಲಿಯ ಮೀನುಗಾರ ಕೆಲಸ ಕಳೆದುಕೊಂಡಾಗ ಅವನ ಬೆನ್ನಿಗೆ ಶ್ರೀಮಂತ ದೇಶವೊಂದರ ನಿರುದ್ಯೋಗ ಭತ್ಯೆಯಿತ್ತು, ಅದೇ ದೇಶದ ಆಲ್ಬರ್ಟಾ ಪ್ರಾಂತ್ಯದ ತೈಲಕ್ಷೇತ್ರಗಳಿಗೆ ವೀಸಾ ಇಲ್ಲದೆ ಹೋಗುವ ಹಕ್ಕಿತ್ತು. ಅದಲ್ಲದೆ ಹೊಸ ಬದುಕೂ ಗಟ್ಟಿಯಲ್ಲ: ಸೀಗಡಿ ಮತ್ತು ಹಿಮಏಡಿಗಳಿಗೆ ತಣ್ಣೀರು ಬೇಕು, ಕಡಲು ಬೆಚ್ಚಗಾದಂತೆ ಸೀಗಡಿ ಆಗಲೇ ಕುಗ್ಗಿದೆ. ಕಾಡ್ ಮೀನಿನ ನಿಷೇಧವನ್ನು 2024ರಲ್ಲಿ ತೆರವುಗೊಳಿಸಿದಾಗ ವಿಜ್ಞಾನಿಗಳಲ್ಲಿಯೂ ಮೀನುಗಾರರಲ್ಲಿಯೂ ಹಲವರು ಇದು ಅವಸರವೆಂದು ವಿರೋಧಿಸಿದರು.

ಉತ್ತರ 5: ಮೀನುಗಾರಿಕಾ ವಿಜ್ಞಾನದ ವಿದ್ಯಾರ್ಥಿ, ಮಂಗಳೂರು

ನೌರುವಿನವರು ಈಗ ಜೀವನಕ್ಕೆ ಏನು ಮಾಡಿಕೊಂಡಿದ್ದಾರೆ ಎಂಬುದು ಇನ್ನೂ ಬಾಕಿ ಉಳಿದಿದೆ. ಅವರ ಮುಖ್ಯ ಆದಾಯಗಳಲ್ಲಿ ಒಂದು ಟ್ಯೂನಾ ಮೀನು, ನಮ್ಮ ಕಡೆಯವರು ಕೇದರ ಎನ್ನುವ ಜಾತಿಯದು. ಹಿಡಿಯುವವರು ಬಹುಮಟ್ಟಿಗೆ ಹೊರದೇಶದ ಹಡಗಿನವರು. ನೌರು ಪಡೆಯುವುದು ಶುಲ್ಕ. 1982ರ ನೌರು ಒಪ್ಪಂದದಡಿ ಎಂಟು ದ್ವೀಪದೇಶಗಳು ಒಂದು ಕೂಟ ಮಾಡಿಕೊಂಡವು. ಅವು ತಮ್ಮ ಕಡಲಿನಲ್ಲಿ ವರ್ಷಕ್ಕೆ ಇಷ್ಟು ಹಡಗುದಿನಗಳು (ಒಂದು ಹಡಗು ಒಂದು ದಿನ ಮೀನು ಹಿಡಿಯುವ ಹಕ್ಕು) ಮಾತ್ರ ಎಂದು ಮಿತಿ ಹಾಕಿ, ಆ ದಿನಗಳನ್ನು ಮಾರುತ್ತವೆ. ಒಂದೊಂದೇ ದೇಶ ಚೌಕಾಶಿಗೆ ಕುಳಿತಿದ್ದಾಗ ಸಿಗದ ಬೆಲೆ ಒಟ್ಟಾಗಿ ಕುಳಿತಾಗ ಸಿಕ್ಕಿತು. ಈ ಇಡೀ ಚರ್ಚೆಯಲ್ಲಿ ನನಗೆ ಅತ್ಯಂತ ಆಶಾದಾಯಕವಾಗಿ ಕಾಣುವುದು ಇದೇ. ಆದರೆ ಪಶ್ಚಿಮ ಪೆಸಿಫಿಕ್ಕಿನ ನೀರು ಬಿಸಿಯಾದಂತೆ ಟ್ಯೂನಾ ಹಿಂಡುಗಳು ಪೂರ್ವದ ಮುಕ್ತ ಸಾಗರದತ್ತ ಸರಿಯುತ್ತವೆಂಬುದು ವಿಜ್ಞಾನಿಗಳ ಅಂದಾಜು. ಯಾರ ಗಡಿಯೂ ಇಲ್ಲದ ಕಡಲಿನ ಮೀನಿಗೆ ಶುಲ್ಕ ವಸೂಲಿ ಮಾಡಲಾಗದು.

ಇನ್ನೊಂದು ಆದಾಯದ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ. 2001ರಿಂದ 2008ರವರೆಗೆ, ಮತ್ತೆ 2012ರಿಂದ, ಆಸ್ಟ್ರೇಲಿಯಕ್ಕೆ ದೋಣಿಗಳಲ್ಲಿ ಬಂದ ಆಶ್ರಯಾರ್ಥಿಗಳನ್ನು ನೌರುವಿನಲ್ಲಿ ಇರಿಸಲಾಯಿತು. ಆಸ್ಟ್ರೇಲಿಯ ಅದಕ್ಕೆ ಹಣ ಕೊಟ್ಟಿತು. 2025ರಲ್ಲಿ ಇನ್ನೊಂದು ಗುಂಪನ್ನು ತೆಗೆದುಕೊಳ್ಳುವ ಒಪ್ಪಂದಕ್ಕೆ 40 ಕೋಟಿಗೂ ಹೆಚ್ಚು ಡಾಲರ್ ನಿಗದಿಯಾಯಿತು. ಆಶ್ರಯ ಕೇಳಿ ಬಂದವರು ಅಲ್ಲಿ ಅನುಭವಿಸಿದ ಸಂಕಟ ಜಗತ್ತಿಗೆ ಗೊತ್ತಿರುವಂಥದು. ಅದೇ ವರ್ಷ ನೌರು, ಕನಿಷ್ಠ 1,05,000 ಅಮೆರಿಕನ್ ಡಾಲರಿಗೆ ಪೌರತ್ವ ಕೊಡುವ ಯೋಜನೆಯನ್ನೂ ಆರಂಭಿಸಿತು. ಒಳನಾಡಿಗೆ ಸ್ಥಳಾಂತರಗೊಳ್ಳುವ ಖರ್ಚಿಗೆ ಆ ಹಣವೆಂದು ಘೋಷಿಸಿದೆ. ಹಿಂದೊಮ್ಮೆ ಪಾಸ್‌ಪೋರ್ಟ್ ಮಾರಿ ಕೆಟ್ಟ ಹೆಸರು ತಂದುಕೊಂಡ ದೇಶ ಎರಡನೆಯ ಬಾರಿ ಅದೇ ದಾರಿ ಹಿಡಿದದ್ದನ್ನು ಟೀಕಿಸುವುದು ಸುಲಭ. ಆದರೆ ಇಂಗಾಲವನ್ನು ಗಾಳಿಗೆ ಸುರಿದ ದೇಶಗಳು ಬೇಕಾದಷ್ಟು ಕೊಟ್ಟಿದ್ದರೆ ಈ ಅಂಗಡಿ ತೆರೆಯಬೇಕಾಗುತ್ತಿರಲಿಲ್ಲ.

ಹಳೆಯ ಟ್ರಸ್ಟಿನ ಅನುಭವದಿಂದ ಹೊಸದೊಂದು ನಿಧಿಯನ್ನು 2015ರಲ್ಲಿ ಕಟ್ಟಿದ್ದಾರೆ. ಆಸ್ಟ್ರೇಲಿಯ ಮತ್ತಿತರ ದಾನಿಗಳೂ ಅದಕ್ಕೆ ಹಣ ಹಾಕಿ, ಮೇಲ್ವಿಚಾರಣೆಯಲ್ಲಿಯೂ ಕುಳಿತಿದ್ದಾರೆ. 2033ರವರೆಗೆ ಅದರಿಂದ ಹಣ ತೆಗೆಯುವಂತಿಲ್ಲ. ಮೆಲ್ಬೋರ್ನಿನ ಸರ್ ಹೇಳಿದ ಗೋಪುರದ ಕಾಲಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

ನನಗೆ ದಿಗಿಲು ಹುಟ್ಟಿಸುವುದು ಆಳಸಮುದ್ರದ ಗಣಿಗಾರಿಕೆ. ಪೆಸಿಫಿಕ್ ತಳದ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯದಲ್ಲಿ ನಿಕಲ್, ಕೋಬಾಲ್ಟ್ ಉಂಡೆಗಳನ್ನು ಎತ್ತಲು ಹೊರಟ ದಿ ಮೆಟಲ್ಸ್ ಕಂಪನಿಯ ಅಂಗಸಂಸ್ಥೆಯೊಂದಕ್ಕೆ ನೌರುವೇ ಪ್ರಾಯೋಜಕ ದೇಶ, ಅಂದರೆ ಅದರ ಬೆನ್ನಿಗೆ ನಿಂತು ಹೊಣೆ ಹೊತ್ತ ದೇಶ. ಇಂಥ ಗಣಿಗಾರಿಕೆಯ ನಿಯಮಗಳನ್ನು ಎರಡು ವರ್ಷಗಳಲ್ಲಿ ಮುಗಿಸಬೇಕೆಂದು 2021ರ ಜೂನ್‌ನಲ್ಲಿ, ಯಾವ ದೇಶಕ್ಕೂ ಸೇರದ ಕಡಲತಳದ ಗಣಿಗಳನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರವನ್ನು ಒತ್ತಾಯಿಸಿದ್ದೂ ನೌರುವೇ. 2025ರಲ್ಲಿ ಆ ಕಂಪನಿ ಪ್ರಾಧಿಕಾರವನ್ನು ಬದಿಗಿಟ್ಟು ಅಮೆರಿಕದ ಕಾನೂನಿನಡಿ ಪರವಾನಗಿಗೆ ಅರ್ಜಿ ಹಾಕಿತು. ಇಂಥ ಗಣಿಯಿಂದ ಹಾನಿಯಾದರೆ ಪ್ರಾಯೋಜಿಸಿದ ದೇಶದ ಹೊಣೆ ಎಷ್ಟು ಎಂಬ ಪ್ರಶ್ನೆಯನ್ನು ಎತ್ತಿದ್ದು ಕೂಡ ನೌರುವೇ. ಬಡ ದೇಶವಾದರೂ ಶ್ರೀಮಂತ ದೇಶಕ್ಕಿರುವಷ್ಟೇ ಎಚ್ಚರ ವಹಿಸಬೇಕು, ಕರ್ತವ್ಯದಲ್ಲಿ ತಪ್ಪಿದ್ದರಿಂದ ಹಾನಿಯಾದರೆ ಹೊಣೆ ತಪ್ಪದು ಎಂದು ಸಮುದ್ರ ಕಾನೂನಿನ ನ್ಯಾಯಮಂಡಳಿ 2011ರಲ್ಲಿ ಅಭಿಪ್ರಾಯಪಟ್ಟಿತು. ನೆಲದ ಗಣಿಗೆ ಪರಿಹಾರ ಕೇಳಿ ಗೆದ್ದ ದೇಶ, ಕಡಲತಳದ ಗಣಿಯಲ್ಲಿ ಪರಿಹಾರ ಕೊಡಬೇಕಾದ ಜಾಗದಲ್ಲಿ ನಿಲ್ಲುವ ಸಾಧ್ಯತೆಯಿದೆ. ಇದರ ಬಗ್ಗೆ ಕಾನೂನು ಬಲ್ಲ ಯಾರಾದರೂ ಇಲ್ಲಿ ಬರೆದರೆ ಒಳ್ಳೆಯದು.